ಅಯೋವಾದ ಅತ್ತೆ ಮನೆಯ ವಂಶಾವಳಿ: ಚಂದಾ ತಾಣವೋ, ಡಿಎನ್‌ಎಯೋ, ಚರ್ಚಿನ ಪುಸ್ತಕವೋ?

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಹಳ್ಳಿ ಚರ್ಚಿನ ಹಳೇ ದಪ್ಪ ರಿಜಿಸ್ಟರಿಗೆ, ಅದರ ಜೊತೆಗೆ ಜರ್ಮನಿಯಿಂದ ಅಂಚೆಯಲ್ಲಿ ತರಿಸಿದ ಒಂದು ಪುಸ್ತಕಕ್ಕೆ. ಉಳಿದವನ್ನೂ ದುಡ್ಡು ಕೊಟ್ಟು ನೋಡಿದ್ದೇನೆ. ಒಂದರಲ್ಲಿ ಚೆನ್ನಾಗಿ ಕೈ ಸುಟ್ಟುಕೊಂಡಿದ್ದೇನೆ. ಅದರ ಸಾಕ್ಷಿ ಮೊನ್ನೆ ಮೊನ್ನೆಯವರೆಗೂ ನಮ್ಮ ಮನೆಯ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತ್ತು: 24 ಇಂಚು ಅಗಲ, 36 ಇಂಚು ಎತ್ತರ, ಒಳ್ಳೇ ಮರದ ಚೌಕಟ್ಟು, ಒಳಗೆ ತಪ್ಪು ವಂಶವೃಕ್ಷ.

ನಾನು ಧಾರವಾಡದವಳು. ಮದುವೆಯಾಗಿ ಬಂದದ್ದು ಅಮೆರಿಕದ ಅಯೋವಾ ರಾಜ್ಯಕ್ಕೆ. ಗಂಡನ ಮನೆಯವರು ಗ್ರಂಡಿ ಕೌಂಟಿಯಲ್ಲಿ ಗೋವಿನಜೋಳ, ಸೋಯಾ ಬೆಳೆಯುವವರು. ಅತ್ತೆಗೆ 80 ತುಂಬುವಾಗ ಏನಾದರೂ ಬೇರೆ ಥರದ ಉಡುಗೊರೆ ಕೊಡೋಣ ಅಂತ ಅವರ ತವರಿನ ವಂಶಾವಳಿಗೆ ಕೈ ಹಾಕಿದೆ. ಊರಲ್ಲಿ ತಲಾಟಿ ಹತ್ತಿರ ಬರೆಸಿದ ಹಾಗೆ ಎರಡು ಮೂರು ಓಡಾಟದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಗೊತ್ತಿದ್ದದ್ದು ಇಷ್ಟೇ: ಜರ್ಮನಿಯಿಂದ ಬಂದವರು, ಹಡಗಿನಲ್ಲಿ ಬಂದವರು, ಮೊದಲು ಬಂದವನ ಹೆಸರು ಹಾರ್ಮ್. ಅಡ್ಡಹೆಸರನ್ನು ಇಲ್ಲಿ ಯಾನ್ಸೆನ್ ಅಂತ ಇಟ್ಟುಕೊಳ್ಳೋಣ. ನಿಜವಾದದ್ದು ಬೇರೆ. ಆದರೆ ಆ ಕಡೆಯವರಲ್ಲಿ ಯಾನ್ಸೆನ್ ಅಂದರೆ ನಮ್ಮ ಕಡೆ ಪಾಟೀಲ ಇದ್ದ ಹಾಗೆ, ಓಣಿಗೆ ನಾಲ್ಕು ಮನೆ.

ಚಂದಾ ತಾಣದಿಂದ, ಅಂದರೆ ದುಡ್ಡು ಕಟ್ಟಿ ಹಳೇ ದಾಖಲೆ ಹುಡುಕುವ ವೆಬ್‌ಸೈಟಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಹೆಸರು ಬೇಡ. ಮೊದಲು ಕೆಲವು ದಿನ ಪುಕ್ಕಟೆ, ಆಮೇಲೆ ವರ್ಷಕ್ಕೆ 300 ಡಾಲರಿಗಿಂತ ಜಾಸ್ತಿ. ರದ್ದು ಮಾಡಲು ಮರೆತೆ. ಎರಡನೇ ವರ್ಷದ ದುಡ್ಡೂ ತಾನಾಗಿ ಕಟ್ ಆಯಿತು. ಅದು ನನ್ನದೇ ತಪ್ಪು, ಬಿಡಿ. ಅಸಲಿ ತಂಟೆ ಬೇರೆ ಇದೆ.

ತಾಣದ ಜನಗಣತಿ ಹುಡುಕಾಟ ನಿಜಕ್ಕೂ ಚೆನ್ನಾಗಿದೆ. ಹೆಸರು ಹೊಡೆದರೆ 1870, 1880, 1900ರ ಹಾಳೆಗಳು ಕಣ್ಣ ಮುಂದೆ ಬರುತ್ತವೆ. 1890ರದ್ದು ಮಾತ್ರ ಕೇಳಬೇಡಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಬೆಂಕಿ ಬಿದ್ದು ಹೆಚ್ಚುಕಡಿಮೆ ಪೂರ್ತಿ ಹಾಳಾಗಿದೆ. ಮಕ್ಕಳು ಹುಟ್ಟಿ ಬೆಳೆದ 20 ವರ್ಷ ಅಲ್ಲಿ ದೊಡ್ಡ ಗುಂಡಿ.

ನನ್ನ ಹಾರ್ಮ್ 1870ರಲ್ಲಿ ಸಿಕ್ಕಿದ. ಹುಟ್ಟಿದ ಊರು: ಪ್ರಷ್ಯಾ. 1880ರಲ್ಲೂ ಸಿಕ್ಕಿದ. ಹುಟ್ಟಿದ ಊರು: ಹ್ಯಾನೋವರ್. 1900ರಲ್ಲಿ ಜರ್ಮನಿ. ಮೂರು ಬೇರೆ ಬೇರೆ ಜನ ಅಂತ ಒಂದು ವಾರ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು, ಮನುಷ್ಯ ಒಬ್ಬನೇ, ಅವನ ಊರಿನ ಮೇಲೆ ಹಾರುವ ಬಾವುಟ ಬದಲಾಗಿತ್ತು. ಅವರ ಸೀಮೆ 1815ರಿಂದ ಹ್ಯಾನೋವರ್ ರಾಜನದು. 1866ರಲ್ಲಿ ಅದನ್ನು ಪಕ್ಕದ ಪ್ರಷ್ಯಾ ರಾಜ್ಯ ನುಂಗಿತು. 1871ರಲ್ಲಿ ಎಲ್ಲ ಸೇರಿ ಜರ್ಮನ್ ಸಾಮ್ರಾಜ್ಯ ಆಯಿತು. ಗಣತಿಯವನು ಕೇಳಿದ ದಿನ ಬಾಯಿಗೆ ಬಂದದ್ದನ್ನು ಹೇಳಿದ್ದಾರೆ. ನಮ್ಮಜ್ಜ ಕೊನೇ ತನಕ ತಾನು ಮುಂಬೈ ಪ್ರಾಂತ್ಯದವ ಅನ್ನುತ್ತಿದ್ದ. ಅದೇ ಥರ.

ಇದು ಅರ್ಥವಾದ ಮೇಲೆ ನಾನು ಉಲ್ಟಾ ಹೊಡೆದೆ. ಹೆಸರು ಒಂದೇ ಇದ್ದರೆ ಸಾಕು, ಎಲ್ಲ ಒಬ್ಬನೇ ಅಂತ ನಂಬತೊಡಗಿದೆ. ತಾಣ ಕೂಡಲೇ ಒಂದು ಸುಳಿವು ತೋರಿಸಿತು: ನಿಮ್ಮ ಹಾರ್ಮ್ ಇನ್ನೂ 37 ಜನರ ವಂಶವೃಕ್ಷದಲ್ಲಿದ್ದಾನೆ, ನೋಡುತ್ತೀರಾ? ನೋಡಿದೆ. 37ರಲ್ಲೂ ಅದೇ ಅಪ್ಪ, ಅದೇ ಅಮ್ಮ, 1690ರವರೆಗೂ ಸರಸರ ಹಿಂದೆ ಹೋಗುವ ತಲೆಮಾರುಗಳು. ಹೆಂಡತಿ ಹೆಸರು ಆಂಟ್ಯೆ. ಜನಗಣತಿಯಲ್ಲಿ ಟೀನಾ ಅಂತಿತ್ತು. ಟೀನಾ, ಆಂಟ್ಯೆ ಎಲ್ಲ ಒಂದೇ ಇರಬೇಕು ಅಂದುಕೊಂಡೆ. 37 ಜನ ತಪ್ಪು ಮಾಡುತ್ತಾರಾ? ಮಾಡುತ್ತಾರೆ. ಒಬ್ಬ ಮಾಡುತ್ತಾನೆ, 36 ಜನ ಕಾಪಿ ಹೊಡೆಯುತ್ತಾರೆ. ನಾನು 38ನೆಯವಳು.

ಪೋಸ್ಟರ್ ಪ್ರಿಂಟ್ ಹಾಕಿಸಿದೆ. ಚೌಕಟ್ಟು ಸೇರಿ 140 ಡಾಲರ್. ಹುಟ್ಟುಹಬ್ಬದ ದಿನ ಅತ್ತೆ ಕನ್ನಡಕ ಏರಿಸಿಕೊಂಡು ಕೆಳಗಿನಿಂದ ಓದುತ್ತ ಬಂದರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ಅಪ್ಪನ ಹೆಸರಿನ ಮೇಲೆ ಇಟ್ಟರು. ಅಜ್ಜನ ಮೇಲೆ ಇಟ್ಟರು. ಅದರ ಮೇಲಿನ ಸಾಲಿಗೆ ಬಂದು ಬೆರಳು ನಿಂತಿತು.

"ಇವನು ನಮ್ಮವನಲ್ಲ," ಅಂದರು. "ನಮ್ಮ ಹಾರ್ಮ್‌ನ ಹೆಂಡತಿ ಟ್ರೀಂಟ್ಯೆ. ಅವಳ ಸಮಾಧಿಗೆ ಪ್ರತಿ ಮೇ ತಿಂಗಳು ಹೂವಿಟ್ಟಿದ್ದೇನೆ. ಈ ಆಂಟ್ಯೆ ಹಳ್ಳದಾಚೆಯ ಹಾರ್ಮ್‌ನ ಹೆಂಡತಿ."

"ಮೊದಲೇ ನಿಮ್ಮನ್ನು ಕೇಳಬೇಕಿತ್ತು," ಅಂದೆ.

"ಕೇಳಿದ್ದರೆ ಗುಟ್ಟು ಉಳಿಯುತ್ತಿರಲಿಲ್ಲ, ಅಲ್ವಾ?" ಅಂತ ನಕ್ಕರು. ಒಳ್ಳೇ ಹೆಂಗಸು. ಚೌಕಟ್ಟು ಚೆನ್ನಾಗಿದೆ ಅಂತಲೂ ಅಂದರು.

ಆಗ ನಾನು ಹೆಸರುಗಳ ಬೆನ್ನು ಹತ್ತಿದೆ. ಇದನ್ನು ಮೊದಲೇ ಮಾಡಿದ್ದರೆ 140 ಡಾಲರ್ ಉಳಿಯುತ್ತಿತ್ತು. ಇವರು ಸುಮ್ನೆ ಜರ್ಮನ್ನರಲ್ಲ, ಓಸ್ಟ್‌ಫ್ರೀಸ್‌ಲಾಂಡಿನವರು. ಜರ್ಮನಿಯ ವಾಯವ್ಯ ಮೂಲೆ, ಹಾಲೆಂಡಿಗೆ ಹೊಂದಿಕೊಂಡ ಸಮುದ್ರದಂಚಿನ ಜವುಳು ನೆಲ. ಅಲ್ಲಿಂದ ಬಂದವರು ಇಲಿನಾಯ್ ರಾಜ್ಯದ ಗೋಲ್ಡನ್, ಜರ್ಮನ್ ವ್ಯಾಲಿ ಕಡೆ, ಅಯೋವಾದಲ್ಲಿ ನಮ್ಮ ಗ್ರಂಡಿ, ಪಕ್ಕದ ಬಟ್ಲರ್ ಕೌಂಟಿ ಕಡೆ ಗುಂಪುಗುಂಪಾಗಿ ನೆಲೆ ನಿಂತರು. ಅವರಿಗಾಗಿಯೇ ಅಯೋವಾದ ಬ್ರೀಡಾ ಎಂಬ ಪುಟ್ಟ ಊರಿನಿಂದ 'ಓಸ್ಟ್‌ಫ್ರೀಸಿಷೆ ನಾಖ್ರಿಖ್ಟೆನ್' ಅನ್ನುವ ಪತ್ರಿಕೆ 1882ರಿಂದ 1971ರವರೆಗೆ ಬರುತ್ತಿತ್ತು. ನನಗೆ ಈ ಸೀಮೆಯ ಹೆಸರು ಎಲ್ಲೋ ಕೇಳಿದ ಹಾಗಿತ್ತು. ಹೌದು, ಕಿಟೆಲ್! ನಮ್ಮ ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ ಅಲ್ಲೇ, ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಧಾರವಾಡದಲ್ಲಿ ಕಿಟೆಲ್ ಕಾಲೇಜಿನ ಮುಂದೆ ಸೈಕಲ್ ತುಳಿದವಳಿಗೆ ಅತ್ತೆಯ ಮುತ್ತಜ್ಜ ಕಿಟೆಲ್ ಸೀಮೆಯವನು ಅಂತ ತಿಳಿಯಲು ಇಷ್ಟು ದಿನ ಬೇಕಾಯಿತು.

ಅಲ್ಲಿ ಹಿಂದೆ ಖಾಯಂ ಅಡ್ಡಹೆಸರು ಅಂತ ಇರಲಿಲ್ಲ. ಅಪ್ಪನ ಹೆಸರೇ ಮಗನ ಎರಡನೇ ಹೆಸರು. ಹಾರ್ಮ್‌ನ ಮಗ ಯಾನ್ ಆದರೆ ಯಾನ್ ಹಾರ್ಮ್ಸ್. ಯಾನ್‌ನ ಮಗ ಹಾರ್ಮ್ ಆದರೆ ಹಾರ್ಮ್ ಯಾನ್ಸೆನ್. ಗೆರ್ಡ್‌ನ ಮಗ ಗೆರ್ಡೆಸ್. ಇದರ ಮೇಲೆ ಇನ್ನೊಂದು ಪದ್ಧತಿ: ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ಅಮ್ಮನ ಅಪ್ಪನ ಹೆಸರು. ಮಗು ಸತ್ತರೆ ಮುಂದೆ ಹುಟ್ಟಿದ್ದಕ್ಕೆ ಮತ್ತೆ ಅದೇ ಹೆಸರು. ಹೀಗಾಗಿ ಹಾರ್ಮ್ ಯಾನ್ಸೆನ್, ಯಾನ್ ಹಾರ್ಮ್ಸ್, ಮತ್ತೆ ಹಾರ್ಮ್ ಯಾನ್ಸೆನ್, ಮತ್ತೆ ಯಾನ್ ಹಾರ್ಮ್ಸ್. ಉಯ್ಯಾಲೆ ತೂಗಿದ ಹಾಗೆ ನೂರಾರು ವರ್ಷ. 1811ರಲ್ಲಿ ನೆಪೋಲಿಯನ್ ಆಳ್ವಿಕೆ ಇದನ್ನು ನಿಲ್ಲಿಸಿ, ಒಂದು ಹೆಸರು ಗಟ್ಟಿಯಾಗಿ ಹಿಡಿಯಿರಿ ಅಂತ ಹುಕುಂ ಮಾಡಿತು. ಜನ ಅಡ್ಡಹೆಸರೇನೋ ಹಿಡಿದರು, ಅಪ್ಪನ ಹೆಸರು ಬಿಡಲಿಲ್ಲ. ನಡುವೆ ತುರುಕಿದರು. ಹಾರ್ಮ್ ಗೆರ್ಡೆಸ್ ಯಾನ್ಸೆನ್ ಅಂದರೆ ಗೆರ್ಡ್‌ನ ಮಗ, ಯಾನ್ಸೆನ್ ಮನೆತನದ ಹಾರ್ಮ್.

ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ನನ್ನ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟಿನಲ್ಲಿ ಇರುವುದೂ ಇದೇ ಕ್ರಮ! ಅತ್ತೆ ಹೂವಿಡುವ ಸಮಾಧಿ ಕಲ್ಲಿನ ಮೇಲೆ 'ಹಾರ್ಮ್ ಜಿ. ಯಾನ್ಸೆನ್' ಅಂತ ಕೆತ್ತಿದೆ. ಆ ಜಿ ಅನ್ನು ನಾನು ಎಷ್ಟು ಸಲ ನೋಡಿದ್ದೆನೋ. ಅಮೆರಿಕದವರ ಮಿಡ್ಲ್ ನೇಮ್ ಅಂತ ಬಿಟ್ಟಿದ್ದೆ. ಇನಿಷಿಯಲ್ ಇಟ್ಟುಕೊಂಡೇ ಬೆಳೆದ ನನಗೇ ಅದು ಅವನ ಅಪ್ಪ ಅಂತ ಹೊಳೆಯಲಿಲ್ಲ. ಪೋಸ್ಟರಿನಲ್ಲಿ ಅಪ್ಪನ ಹೆಸರು ಯಾನ್ ಅಂತಿದೆ.

ಚಂದಾ ತಾಣಕ್ಕೆ ಇದು ಗೊತ್ತಿಲ್ಲ. ಅದಕ್ಕೆ ಹೆಸರು ಅಂದರೆ ಮುಂದಿನದು, ಹಿಂದಿನದು ಅಷ್ಟೇ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಪೀಳಿಗೆಗಳಿಗೆ ಅದು ಸಾಕು. ಸಮುದ್ರ ದಾಟಿದ ಕೂಡಲೇ ಎಡವುತ್ತದೆ.

ಡಿಎನ್‌ಎ ಪರೀಕ್ಷೆ: ಸೇಲಿನಲ್ಲಿ 59 ಡಾಲರ್. ಅತ್ತೆ ಟ್ಯೂಬಿನಲ್ಲಿ ಉಗುಳಿದರು. ಆರು ವಾರದ ಮೇಲೆ ವಾಯವ್ಯ ಯುರೋಪಿನವರು ಅಂತ ಬಂತು. ಅದು ಅವರ ಮೂಗು ನೋಡಿದರೇ ಗೊತ್ತಾಗುತ್ತಿತ್ತು. ಡಿಎನ್‌ಎ ಹೊಂದುವ ನೆಂಟರ ಪಟ್ಟಿ ಉದ್ದಕ್ಕಿದೆ, ಆದರೆ ಎಲ್ಲರೂ ಒಂದೇ ಸೀಮೆಯಿಂದ ಬಂದು ನಾಲ್ಕು ತಲೆಮಾರು ತಮ್ಮತಮ್ಮಲ್ಲೇ ಮದುವೆಯಾದವರು. ಒಬ್ಬೊಬ್ಬರೂ ಎರಡು ಮೂರು ದಾರಿಯಲ್ಲಿ ನೆಂಟರು. ಲೆಕ್ಕದಲ್ಲಿ ಮೂರನೇ ಕಸಿನ್, ಅಂದರೆ ಹತ್ತಿರದವರು ಅಂತ ತೋರಿಸಿದವರು ಅಸಲಿಗೆ ಇನ್ನೂ ದೂರದ ಐದನೇ ಕಸಿನ್, ಎರಡು ಕಡೆಯಿಂದ. ಹಳ್ಳದಾಚೆಯ ಹಾರ್ಮ್‌ನ ಮರಿಮಕ್ಕಳೂ ಪಟ್ಟಿಯಲ್ಲಿದ್ದಾರೆ! ಅಲ್ಲಿಗೆ ಬಿಟ್ಟೆ.

ಫ್ಯಾಮಿಲಿಸರ್ಚ್ ಅನ್ನುವ ತಾಣ ಪುಕ್ಕಟೆ. ನಡೆಸುವವರು ಮಾರ್ಮನ್ ಚರ್ಚಿನವರು. 1938ರಿಂದ ಊರೂರು ತಿರುಗಿ ಮೈಕ್ರೋಫಿಲ್ಮ್ ಮಾಡಿದವರು, ಈಗ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸಿದ್ದಾರೆ. ಅಲ್ಲಿನ ವಂಶವೃಕ್ಷವನ್ನು ಯಾರು ಬೇಕಾದರೂ ತಿದ್ದಬಹುದು, ಹಾಗಾಗಿ ಅದರ ತಂಟೆಗೆ ಹೋಗಬೇಡಿ. ದಾಖಲೆ ಮಾತ್ರ ನೋಡಿ. ಕೆಲವು ಹಾಳೆಗಳನ್ನು ಅವರ ಕೇಂದ್ರಕ್ಕೋ, ಒಪ್ಪಂದವಿರುವ ಲೈಬ್ರರಿಗೋ ಹೋಗಿಯೇ ನೋಡಬೇಕು.

ಅಲ್ಲಿ ಸಿಕ್ಕ ಒಂದು ಪುಟ ನನ್ನ ಹೊಟ್ಟೆ ಉರಿಸಿತು. 1925ರಲ್ಲಿ ಅಯೋವಾ ರಾಜ್ಯ ತನ್ನದೇ ಜನಗಣತಿ ಮಾಡಿತ್ತು. ಅದರಲ್ಲಿ ಪ್ರತಿಯೊಬ್ಬರ ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಅವರು ಹುಟ್ಟಿದ ಕಡೆ, ಮದುವೆಯಾದ ಕಡೆ ಎಲ್ಲ ಕೇಳಿದ್ದಾರೆ. ಅತ್ತೆಯ ಅಜ್ಜ ಆಗ 50ರ ರೈತ. ಅವನ ಸಾಲಿನಲ್ಲಿ ಅಮ್ಮನ ಹೆಸರು ನೀಟಾಗಿ ಟ್ರೀಂಟ್ಯೆ ಅಂತಿದೆ, ಮುಂದೆ ತವರಿನ ಹೆಸರೂ ಇದೆ. ಒಂದು ಪೈಸೆ ಖರ್ಚಿಲ್ಲದೆ, ಹತ್ತು ನಿಮಿಷದಲ್ಲಿ, ಪೋಸ್ಟರ್ ಪ್ರಿಂಟ್ ಆಗುವ ಮುಂಚೆಯೇ ಸಿಗಬಹುದಿತ್ತು. ಅಯೋವಾದವರಾದರೆ ಇದನ್ನು ಮೊದಲು ನೋಡಿ.

ಈಗ ನನ್ನ ಮೆಚ್ಚಿನದು.

ಕೌಂಟಿ ಕಚೇರಿಗೆ ಮೊದಲು ಹೋಗಿದ್ದೆ. ಅಯೋವಾದಲ್ಲಿ ಹುಟ್ಟು ಸಾವು ಬರೆಯಲು ಶುರು ಮಾಡಿದ್ದೇ 1880ರ ಜುಲೈಯಲ್ಲಿ, ಆಗಲೂ ಹಳ್ಳಿ ಜನ ಬಂದು ಬರೆಸಿದ್ದು ಕಡಿಮೆ. ಪೌರತ್ವದ ಕಾಗದ ಸಿಕ್ಕಿತು. 1906ಕ್ಕೆ ಮುಂಚಿನದಾದ್ದರಿಂದ ಬರೀ ಎರಡು ಸಾಲು: ಪ್ರಷ್ಯಾದ ರಾಜನಿಗೆ ಇನ್ನು ನಿಷ್ಠೆಯಿಲ್ಲ ಅಂತ ಆಣೆ. ಹಳ್ಳಿಯ ಹೆಸರಿಲ್ಲ. ಹಡಗಿನ ಪಟ್ಟಿಯೂ ಕೈ ಕೊಟ್ಟಿತು. ಇವರು ಹೊರಟದ್ದು ಬ್ರೆಮೆನ್ನಿನಿಂದ. ಹ್ಯಾಂಬರ್ಗಿನ ಪಟ್ಟಿಗಳು 1850ರಿಂದ ಉಳಿದಿವೆ. ಬ್ರೆಮೆನ್ನಿನವರು ಜಾಗ ಇಲ್ಲ ಅಂತ ಹಳೆಯವನ್ನು ತಾವೇ ನಾಶ ಮಾಡಿದರು, ಉಳಿದದ್ದರಲ್ಲಿ ಹೆಚ್ಚಿನದು ಎರಡನೇ ಮಹಾಯುದ್ಧದಲ್ಲಿ ಹೋಯಿತು.

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಅತ್ತೆಯನ್ನು ಕೂರಿಸಿಕೊಂಡು ಅವರ ತವರಿನ ಚರ್ಚಿಗೆ ಹೋದೆ. ಸುತ್ತ ಗೋವಿನಜೋಳ, ನಡುವೆ ಬಿಳೀ ಚರ್ಚು, ಪಕ್ಕದಲ್ಲಿ ಸಮಾಧಿಗಳು. ಕಚೇರಿ ನೋಡಿಕೊಳ್ಳುವ ಹೆಂಗಸು ಕಬ್ಬಿಣದ ಕಪಾಟು ತೆಗೆದು ಪುಸ್ತಕ ಹೊರಗಿಟ್ಟರು. "ಕೈ ತೊಳೆದುಕೊಂಡು ಮುಟ್ಟಿ, ಕಾಫಿ ಆ ಮೇಜಿನ ಮೇಲೆ ಮಾತ್ರ," ಅಂದರು. ತೊಗಲಿನ ರಟ್ಟು ಪುಡಿಪುಡಿಯಾಗಿ ಕೈಗೆ ಕೆಂಪಗೆ ಅಂಟುತ್ತಿತ್ತು. ಪುಟದ ತುಂಬ ಕುರೆಂಟ್ ಅನ್ನುವ ಹಳೇ ಜರ್ಮನ್ ಕೈಬರಹ. ಅದರಲ್ಲಿ ಇ ಮತ್ತು ಎನ್ ಎರಡೂ ಒಂದೇ ಥರ ಗೀಚಿದ ಗೀಟು. ಯು ಮೇಲೆ ಮಾತ್ರ ಒಂದು ಕೊಂಡಿ. ನಮ್ಮ ಅಜ್ಜನ ಹೊಲದ ಕಾಗದ ಮೋಡಿ ಲಿಪಿಯಲ್ಲಿದ್ದು, ಓದುವವರನ್ನು ಹುಡುಕಿಕೊಂಡು ಅಲೆದದ್ದು ನೆನಪಾಯಿತು. ಆದರೆ ಇಲ್ಲೊಂದು ಅನುಕೂಲ ಇದೆ. ಪಾದ್ರಿ ಬರೆಯುತ್ತಿದ್ದುದು ಅದೇ ಅದೇ ಹತ್ತು ಪದ: ಹುಟ್ಟಿದ, ದೀಕ್ಷಾಸ್ನಾನವಾಯಿತು, ಮದುವೆ, ಸತ್ತ, ಮಣ್ಣು ಮಾಡಲಾಯಿತು. ಆ ಹತ್ತು ಪದದ ಆಕಾರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಧ್ಯಾಹ್ನದೊಳಗೆ ಕಣ್ಣು ಪಳಗುತ್ತದೆ.

ಇನ್ನೊಂದು ನೋಡಿದೆ. 1918ರ ಬೇಸಿಗೆವರೆಗೆ ಜರ್ಮನ್, ಅಲ್ಲಿಂದ ಮುಂದೆ ಅದೇ ಕೈ, ಇಂಗ್ಲಿಷ್. ಆಗ ಜರ್ಮನಿಯ ಜೊತೆ ಯುದ್ಧ ನಡೆದಿತ್ತು. ಆ ವರ್ಷ ಮೇ 23ರಂದು ಅಯೋವಾದ ಗವರ್ನರ್ ಹಾರ್ಡಿಂಗ್, ಶಾಲೆಯಲ್ಲಿ, ಬೀದಿಯಲ್ಲಿ, ಫೋನಿನಲ್ಲಿ, ಚರ್ಚಿನಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಅಂತ ಆಜ್ಞೆ ಹೊರಡಿಸಿದ್ದರು. ಅತ್ತೆಯ ಅಪ್ಪ ಆಗ ಸಣ್ಣ ಹುಡುಗ. ಮನೆಯಲ್ಲಿ ಪ್ಲಾಟ್, ಅಂದರೆ ಆ ಸೀಮೆಯ ಆಡುಮಾತು, ಮಾತಾಡುತ್ತಿದ್ದವನು ಅತ್ತೆಗೆ ಅದನ್ನು ಕಲಿಸಲೇ ಇಲ್ಲವಂತೆ. ಅತ್ತೆ ಆ ಪುಟದ ಮೇಲೆ ಸ್ವಲ್ಪ ಹೊತ್ತು ಕೈ ಇಟ್ಟುಕೊಂಡು ಕೂತಿದ್ದರು.

ಹಾರ್ಮ್‌ನನ್ನು ಮಣ್ಣು ಮಾಡಿದ ದಿನದ ಸಾಲು ಸಿಕ್ಕಿತು. ಪೂರ್ತಿ ಹೆಸರು: ಹಾರ್ಮ್ ಗೆರ್ಡೆಸ್ ಯಾನ್ಸೆನ್. ಹೆಂಡತಿ ಟ್ರೀಂಟ್ಯೆ. ವಯಸ್ಸು 71 ವರ್ಷ, 4 ತಿಂಗಳು, 12 ದಿನ. ಹುಟ್ಟಿದ್ದು ಷ್ಟ್ರಾಕ್‌ಹೋಲ್ಟ್, ಓಸ್ಟ್‌ಫ್ರೀಸ್‌ಲಾಂಡ್. ಎರಡು ವರ್ಷದ ಚಂದಾ ಕೊಡದ ಹಳ್ಳಿಯ ಹೆಸರನ್ನು ಪಾದ್ರಿ ಒಂದು ಸಾಲಿನಲ್ಲಿ ಕೊಟ್ಟ. ನಾನು ಚರ್ಚಿನ ಹುಂಡಿಗೆ 20 ಡಾಲರ್ ಹಾಕಿ ಬಂದೆ.

ಹಳ್ಳಿ ಹೆಸರು ಸಿಕ್ಕ ಮೇಲೆ ಬೇಕಾಗುವುದು ಓರ್ಟ್‌ಸಿಪ್ಪೆನ್‌ಬುಖ್. ಹೆಸರು ಕೇಳಿ ಹೆದರಬೇಡಿ, ಊರಿನ ಮನೆತನಗಳ ಪುಸ್ತಕ ಅಂತ ಅರ್ಥ. ಒಂದು ಚರ್ಚಿಗೆ ಸೇರಿದ ಎಲ್ಲ ಕುಟುಂಬಗಳನ್ನು ರಿಜಿಸ್ಟರಿನಿಂದ ಎತ್ತಿ, ಅಚ್ಚಿನ ಅಕ್ಷರದಲ್ಲಿ, ನಂಬರ್ ಹಾಕಿ ಜೋಡಿಸಿರುತ್ತಾರೆ. ಓಸ್ಟ್‌ಫ್ರೀಸ್‌ಲಾಂಡಿನ ಅನೇಕ ಊರುಗಳದನ್ನು ಔರಿಖ್ ಪಟ್ಟಣದ ಉಪ್‌ಸ್ಟಾಲ್ಸ್‌ಬೋಮ್ ಸಂಘ ಹೊರತಂದಿದೆ. ನನ್ನದು ಸೆಕೆಂಡ್ ಹ್ಯಾಂಡ್. ಅಂಚೆ ಖರ್ಚು ಪುಸ್ತಕದ ಬೆಲೆಗೆ ಹತ್ತಿರ ಬಂತು, ಆದರೂ ಎರಡೂ ಸೇರಿ ಚಂದಾದ ಅರ್ಧವೂ ಆಗಲಿಲ್ಲ. ಜರ್ಮನ್ ಬರಲೇಬೇಕು ಅಂತಿಲ್ಲ. ನಕ್ಷತ್ರ ಗುರುತು ಅಂದರೆ ಹುಟ್ಟು, ಎರಡು ಸೊನ್ನೆ ಕೂಡಿಸಿದ್ದರೆ ಮದುವೆ, ಕಠಾರಿ ಗುರುತು ಅಂದರೆ ಸಾವು. ಗೆರ್ಡ್ ಹಾರ್ಮ್ಸ್ ಯಾನ್ಸೆನ್ ಅಂತ ಒಂದು ಕುಟುಂಬ, ಅದರಡಿ ಏಳು ಮಕ್ಕಳು. ಮೊದಲ ಗಂಡು ಮಗ ಹಾರ್ಮ್. 71 ವರ್ಷ, 4 ತಿಂಗಳು, 12 ದಿನ ಹಿಂದಕ್ಕೆ ಎಣಿಸಿದರೆ ಸರಿಯಾಗಿ ಅದೇ ತಾರೀಕು. ಪಕ್ಕದಲ್ಲಿ ಚಿಕ್ಕದಾಗಿ: ಉತ್ತರ ಅಮೆರಿಕಕ್ಕೆ ವಲಸೆ ಹೋದ. ಅಪ್ಪ ಗೆರ್ಡ್‌ನ ಮುಂದೆ ಇನ್ನೊಂದು ನಂಬರ್. ಆ ನಂಬರಿಗೆ ಹೋದರೆ ಅವನ ಅಪ್ಪ ಇನ್ನೊಬ್ಬ ಹಾರ್ಮ್. ಚಹಾ ಆರುವಷ್ಟರಲ್ಲಿ ನಾಲ್ಕು ತಲೆಮಾರು ದಾಟಿದ್ದೆ.

ಹಳ್ಳದಾಚೆಯ ಹಾರ್ಮ್ ಕೂಡ ಇದೇ ಪುಸ್ತಕದಲ್ಲಿದ್ದಾನೆ, ಒಂಬತ್ತು ಪುಟ ಆಚೆ. ಅಪ್ಪ ಯಾನ್, ಹೆಂಡತಿ ಆಂಟ್ಯೆ. ಅವನ ಮನೆಯವರ ಪೋಸ್ಟರ್ ನನ್ನ ಹತ್ತಿರ ಇದೆ, ಬೇಕಾದರೆ ಕೊಡುತ್ತೇನೆ.

ಪುಸ್ತಕದಲ್ಲೂ ತಪ್ಪಿರುತ್ತವೆ. ಅದಕ್ಕೇ ಮೂಲ ರಿಜಿಸ್ಟರ್ ನೋಡುವುದು ಒಳ್ಳೇದು. ಜರ್ಮನಿಯ ಪ್ರೊಟೆಸ್ಟೆಂಟ್ ಚರ್ಚುಗಳು ಸೇರಿ 2015ರಲ್ಲಿ ಶುರು ಮಾಡಿದ ಆರ್ಖಿಯೋನ್ ತಾಣದಲ್ಲಿ ಒಂದು ತಿಂಗಳ ಪಾಸ್ ಸಿಗುತ್ತದೆ. ಹಳ್ಳಿ ಹೆಸರು, ವರ್ಷ ಎರಡೂ ಗೊತ್ತಾದ ಮೇಲೆ ತೆಗೆದುಕೊಳ್ಳಿ. ಅಲ್ಲಿ ಹೆಚ್ಚಾಗಿ ಪುಟ ಪುಟ ತಿರುವಬೇಕು. ಮ್ಯೂನ್‌ಸ್ಟರ್, ಪಾಡರ್‌ಬೋರ್ನ್ ಕಡೆಯ ಕ್ಯಾಥೊಲಿಕರಾದರೆ ಮಾತ್ರಿಕುಲಾ ಅನ್ನುವ ತಾಣ ಪುಕ್ಕಟೆ. ಹಳ್ಳಿ ಎಲ್ಲಿದೆ, ಯಾವ ಚರ್ಚಿಗೆ ಸೇರಿತ್ತು ಅಂತ ನೋಡಲು 1912ರ ಮೇಯರ್ಸ್ ಊರುಗಳ ಕೋಶ ಆನ್‌ಲೈನಿನಲ್ಲಿದೆ, ಅದೂ ಪುಕ್ಕಟೆ. ಪೊಮೆರೇನಿಯಾದವರಾದರೆ ನನ್ನ ದಾರಿ ನಡೆಯದೇ ಇರಬಹುದು. ಅದು ಹೆಚ್ಚಾಗಿ ಈಗ ಪೋಲೆಂಡಿನಲ್ಲಿದೆ, ಎಷ್ಟೋ ರಿಜಿಸ್ಟರುಗಳು 1945ರ ಗದ್ದಲದಲ್ಲಿ ಕಳೆದುಹೋಗಿವೆ. ಅವರಿಗೆ ಅಮೆರಿಕದ ಚರ್ಚಿನ ಪುಸ್ತಕವೇ ಕಡೇ ಆಸರೆ.

ನನ್ನ ಲೆಕ್ಕ ಇಷ್ಟು. ನನಗೆ ಶನಿವಾರ ಬಿಡುವು, ಕಾರು ಇದೆ, ಚರ್ಚು 25 ನಿಮಿಷದ ದಾರಿ, ಪರದೆಗಿಂತ ಕಾಗದ ಇಷ್ಟ. ಅದಕ್ಕೇ ಈ ತೀರ್ಪು. ಬೆಂಗಳೂರಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತು ಹುಡುಕುವವರಾಗಿದ್ದರೆ ಮೊದಲು ಫ್ಯಾಮಿಲಿಸರ್ಚ್, ಆಮೇಲೆ ಚರ್ಚಿಗೊಂದು ಮರ್ಯಾದೆಯ ಪತ್ರ ಮತ್ತು 20 ಡಾಲರ್ ಚೆಕ್ ಅನ್ನುತ್ತಿದ್ದೆ. ಚಂದಾ ತಾಣ ಬೇಕೇ ಬೇಕು ಅಂದರೆ ಒಂದು ತಿಂಗಳಿಗೆ ಸಾಕು. ಅದಕ್ಕೂ ಮುಂಚೆ ನಿಮ್ಮೂರ ಲೈಬ್ರರಿಯಲ್ಲಿ ಕೇಳಿ. ಎಷ್ಟೋ ಕಡೆ ಅಲ್ಲೇ ಕೂತು ಪುಕ್ಕಟೆ ನೋಡಲು ಬಿಡುತ್ತಾರೆ. ಇದು ನನಗೆ ಎರಡನೇ ವರ್ಷದ ದುಡ್ಡು ಕಟ್ ಆದ ಮೇಲೆ ಗೊತ್ತಾಯಿತು.

ಹೊಸ ಪೋಸ್ಟರ್ ಇನ್ನೂ ಮಾಡಿಸಿಲ್ಲ. ಟ್ರೀಂಟ್ಯೆಯ ತವರಿನ ಕಡೆಯದು ಬಾಕಿ ಇದೆ, ಅದು ಪಕ್ಕದ ಊರಿನ ಪುಸ್ತಕ. ಸದ್ಯಕ್ಕೆ ಆ ತಪ್ಪು ಪೋಸ್ಟರನ್ನೇ ಚೌಕಟ್ಟಿನಿಂದ ತೆಗೆದು, ತಿರುಗಿಸಿ, ಬಿಳೀ ಬೆನ್ನಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಲು ಶುರು ಮಾಡಿದ್ದೇವೆ. ಅತ್ತೆ ಹೇಳುತ್ತಾರೆ, ನಾನು ಬರೆಯುತ್ತೇನೆ, ರಬ್ಬರ್ ಅವರ ಕೈಯಲ್ಲಿರುತ್ತದೆ.